ಸಿಸ್ಟರಮ್ಮ ಖಾಲಿ ಬಿಟ್ಟ ಸಾಲುಗಳು

ಕಾಕಾ ಮೊದಲ ಸಲ ನಮ್ಮ ಪ್ರೆಸ್ಸಿಗೆ ಬಂದಾಗ ನಾನು ಒಂದು ಮದುವೆ ಕಾರ್ಡಿನ ಜೊತೆ ಜಗಳ ಆಡುತ್ತಿದ್ದೆ. ಹುಡುಗನ ಕಡೆಯವರ ಹೆಸರು ಹನ್ನೆರಡು, ಹುಡುಗಿ ಕಡೆಯವರದು ಹದಿನಾರು, ಕಾರ್ಡು ಮಾತ್ರ ಅಂಗೈಯಷ್ಟು. ನಾಚಾರಂನ ಆ ಶೆಡ್ಡಿನಲ್ಲಿ ಕನ್ನಡ ಟೈಪ್ ಮಾಡುವವಳು ನಾನೊಬ್ಬಳೇ. ಉಳಿದದ್ದೆಲ್ಲ ತೆಲುಗು, ಉರ್ದು, ಇಂಗ್ಲಿಷ್. ಹಾಗಾಗಿ ಬಾಗಿಲಲ್ಲಿ ಯಾರಾದರೂ ನಿಂತು "ಇಲ್ಲಿ ಕನ್ನಡ ಆಗ್ತೈತೇನ್ರಿ?" ಎಂದರೆ ಇಡೀ ಶೆಡ್ಡು ನನ್ನ ಕಡೆ ಬೆರಳು ತೋರಿಸುತ್ತಿತ್ತು.

ಬಂದವರಿಗೆ ಎಪ್ಪತ್ತು ದಾಟಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಚೀಲ. ರಾಯಚೂರು ಕಡೆಯ ಒಂದು ಮಿಶನ್ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವರಂತೆ. ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಕ್ಕನ ಜೊತೆ ಈಗ ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಹಿಂದಿನ ಕಾಲನಿಯಲ್ಲಿ ಇದ್ದಾರಂತೆ. ಇಷ್ಟು ಹೇಳಲು ಅವರು ತೆಗೆದುಕೊಂಡ ಹೊತ್ತಿನಲ್ಲಿ ನಾನು ಹುಡುಗಿ ಕಡೆಯ ಹದಿನಾರೂ ಹೆಸರು ಹೊಡೆದು ಮುಗಿಸಿದ್ದೆ. ಒಂದೊಂದು ಮಾತಿಗೂ ನಿಲ್ಲುವ ಮನುಷ್ಯ. ನನಗೋ, ಎದುರಿನವರು ಒಂದು ಗಳಿಗೆ ಸುಮ್ಮನಾದರೆ ಆ ಜಾಗದಲ್ಲಿ ನನ್ನ ಮಾತು ತುರುಕದೆ ಇರಲಾಗದು.

"ಏನ್ ತಂದೀರಿ, ತೆಗೀರಿ ಕಾಕಾ," ಎಂದೆ.

ಚೀಲದಿಂದ ಏಳು ಉದ್ದನೆಯ ರಿಜಿಸ್ಟರ್ ಪುಸ್ತಕಗಳು ಬಂದವು. ವಾರ್ಡಿನ ರಿಪೋರ್ಟು ಬರೆಯುತ್ತಾರಲ್ಲ, ಅಂಥವು. ಒಳಗೆ ನೀಲಿ ಶಾಯಿಯ ದುಂಡು ಅಕ್ಷರ. ಮುಂದಿನ ಡ್ಯೂಟಿಗೆ ಬರುವವರು ತಪ್ಪು ಓದಬಾರದು ಎಂದು ಬರೆಯುವ ನರ್ಸಿನ ಕೈಬರಹ. ಹೊಡೆದುಹಾಕಿದ ಕಾಟು ಒಂದೂ ಇಲ್ಲ. ಇಪ್ಪತ್ತೈದು ವರ್ಷ ಬೇರೆಯವರ ಗೀಚು ಓದಿ ಕಣ್ಣು ಕೆಡಿಸಿಕೊಂಡ ನನಗೆ ಆ ಅಕ್ಷರ ನೋಡಿ ಹಬ್ಬವಾಯಿತು.

"ಇವು ಕ್ವೇಕರ್ ಮಂದೀ ಪತ್ರ," ಎಂದರು ಕಾಕಾ.

ಆ ಹೆಸರು ನಾನು ಕೇಳಿದ್ದಿಲ್ಲ. ಕೇಳಿದೆ. ಅವರು ನಿಲ್ಲುತ್ತ ನಿಲ್ಲುತ್ತ ಹೇಳಿದರು. ಮುನ್ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಒಂದಷ್ಟು ಜನ ಚರ್ಚು, ಪಾದ್ರಿ ಎಲ್ಲ ಬಿಟ್ಟು ಮನೆಗಳಲ್ಲಿ ಕೂಡಿ ಸುಮ್ಮನೆ ಕೂರತೊಡಗಿದರು. ದೇವರ ಬೆಳಕು ಪ್ರತಿಯೊಬ್ಬರ ಒಳಗೂ ಇದೆ, ಅದು ಕಾಣಬೇಕಾದರೆ ಬಾಯಿ ಮುಚ್ಚಬೇಕು ಎನ್ನುವುದು ಅವರ ನಂಬಿಕೆ. ದೊಡ್ಡವರ ಮುಂದೆ ಟೊಪ್ಪಿಗೆ ತೆಗೆಯಲಿಲ್ಲ, ಕೋರ್ಟಿನಲ್ಲಿ ಆಣೆ ಮಾಡಲಿಲ್ಲ. ಅದಕ್ಕೇ ಜೈಲು ಕಂಡರು. ಜೈಲಿನಿಂದಲೂ ಊರೂರಿನ ತಮ್ಮ ಜನಕ್ಕೆ ಪತ್ರ ಬರೆದರು. ಅಂಥ ಪತ್ರಗಳ ಹಳೇ ಇಂಗ್ಲಿಷ್ ಪುಸ್ತಕವೊಂದನ್ನು ಆಸ್ಪತ್ರೆಯ ಪರದೇಶಿ ಡಾಕ್ಟರಮ್ಮ ಊರಿಗೆ ಹೋಗುವಾಗ ಅಕ್ಕನ ಕೈಗೆ ಕೊಟ್ಟರಂತೆ. ಅಕ್ಕ ಡ್ಯೂಟಿ ಮುಗಿಸಿ ಬಂದು, ದಿನಕ್ಕೆ ಅರ್ಧ ಪುಟ, ಒಂದು ಪುಟ ಎಂದು ವರ್ಷಗಟ್ಟಲೆ ಕನ್ನಡಕ್ಕೆ ತಂದಳಂತೆ.

"ನೀವೂ ಆ ಪೈಕಿ ಏನ್ರಿ?"

"ಹೌದು ತಂಗಿ. ಮೂರ್ನಾಕು ಮಂದಿ ಅದೀವಿ. ಆಯ್ತವಾರ ಮುಂಜಾನೆ ಕೂಡತೀವಿ. ಹಾಡಿಲ್ಲ, ಪಾದ್ರಿ ಹೇಳೂ ಪ್ರಸಂಗ ಇಲ್ಲ. ಸುಮ್ಮ ಕುಂದ್ರೂದು."

"ಕುಂತು?"

"ಕುಂತು ಏನಿಲ್ಲ. ಕುಂದ್ರೂದು ಅಷ್ಟ."

ನನಗೆ ನಗು ತಡೆಯಲಾಗಲಿಲ್ಲ. ಕಾಕಾ ಕೂಡ ನಕ್ಕರು. ಆಮೇಲೆ ನಗು ನಿಲ್ಲಿಸಿ ಬಂದ ಕೆಲಸ ಹೇಳಿದರು. ಅಕ್ಕನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿವೆ. ಕಿವಿ ಚುರುಕಿದೆ, ಬುದ್ಧಿ ಚುರುಕಿದೆ. ಇನ್ನೊಮ್ಮೆ ಹೊಡೆದರೆ ಹೇಳಲಾಗದು ಎಂದಿದ್ದಾರೆ ಡಾಕ್ಟರು. ಅಷ್ಟರೊಳಗೆ ಪುಸ್ತಕ ಆಗಬೇಕು, ಅಕ್ಕ ಪೂರ್ತಿ ಕೇಳಬೇಕು, ಕೇಳಿ ಹೂಂ ಅನ್ನಬೇಕು.

"ಆಕಿ ಹೂಂ ಅಂದ್ರ ಅಚ್ಚು ಹಾಕ್ರಿ. ಇಲ್ಲಂದ್ರ ಬ್ಯಾಡ. ನಮ್ಮಲ್ಲಿ ಹತ್ತು ಮಂದಿ ಆಗಲಿ ಅಂದು ಒಬ್ಬರು ಬ್ಯಾಡ ಅಂದ್ರೂ ಕಾಯ್ತೀವಿ," ಎಂದರು.

ನಾನು ಗತ್ತಿನಲ್ಲಿ ಹೇಳಿದೆ, "ಕಾಕಾ, ನನ್ನ ಕೆಲಸಕ್ಕ ಹೆಸರಿಡೋರು ಇನ್ನೂ ಹುಟ್ಟಿಲ್ರಿ." ಆ ಮಾತು ಈಗ ನೆನಪಾದರೂ ನಾಚಿಕೆಯಾಗುತ್ತದೆ.

ಟೈಪಿಂಗು ಒಂದು ತಿಂಗಳ ಹತ್ತಿರ ಹಿಡಿಯಿತು. ಬೇರೆ ಕೆಲಸದ ನಡುವೆ ದಿನಕ್ಕೆ ಎಂಟು ಹತ್ತು ಪುಟ. ಎಲ್ಲರೂ ಸಿಸ್ಟರಮ್ಮ ಎನ್ನುತ್ತಿದ್ದ ಆ ಅಕ್ಕನ ಕನ್ನಡ ಗ್ರಂಥದ ಕನ್ನಡವಲ್ಲ, ಪೇಷಂಟಿನ ತಲೆಗಟ್ಟಿನ ಬಳಿ ಕೂತು ಆಡುವ ಕನ್ನಡ. ಜೈಲಿನಲ್ಲಿದ್ದವನು ಹೊರಗಿದ್ದವರಿಗೆ ಹೆದರಬೇಡಿ ಎನ್ನುವ ಪತ್ರವಿತ್ತು. ಅದನ್ನು ಹೊಡೆಯುವಾಗ, ಇದೇನು ತಿರುವುಮುರುವು, ಧೈರ್ಯ ಹೇಳಿಸಿಕೊಳ್ಳಬೇಕಾದವನೇ ಹೇಳುತ್ತಿದ್ದಾನಲ್ಲ ಎಂದುಕೊಂಡೆ. ಜೈಲಿಗೆ ಹೋದವರ ಹೆಂಡತಿ ಮಕ್ಕಳನ್ನು ಉಳಿದವರು ನೋಡಿಕೊಳ್ಳಬೇಕು ಎನ್ನುವ ಪತ್ರವಿತ್ತು. ಅಂಗಡಿ ಇಟ್ಟವರು ಗಿರಾಕಿಯ ಮುಖ ನೋಡಿ ದರ ಏರಿಸಬಾರದು, ಇಳಿಸಬಾರದು ಎನ್ನುವುದೂ ಇತ್ತು. ನಮ್ಮ ಮಾಲಕರಿಗೆ ಓದಿ ಹೇಳಿದೆ, ಅವರು ಕೇಳಿಸದವರಂತೆ ಫೋನು ತಿರುಗಿಸಿದರು. ನನ್ನ ಮನೆಯ ದೇವರಗೂಡಿನಲ್ಲಿ ಇಷ್ಟಲಿಂಗದ ಕರಡಿಗೆ ಇದೆ, ನಾನೇನೂ ಆ ಕಡೆಗೆ ಸೇರುವವಳಲ್ಲ. ಆದರೂ ಒಳಗೇ ದೀಪ ಇದೆ ಎನ್ನುವ ಮಾತು ನನಗೆ ಹೊರಗಿನದು ಅನ್ನಿಸಲಿಲ್ಲ. ಒಂದು ಅಕ್ಷರವನ್ನೂ ನಾನು ತಿದ್ದಲಿಲ್ಲ. ಅದೊಂದು ಪುಣ್ಯದ ಕೆಲಸ ಮಾಡಿದೆ.

ಆದರೆ ಒಂದು ವಿಷಯ ಮೊದಲ ದಿನದಿಂದ ಕಣ್ಣಿಗೆ ಚುಚ್ಚುತ್ತಿತ್ತು. ಸಿಸ್ಟರಮ್ಮ ನಾಲ್ಕು ಸಾಲು ಬರೆದು ಮೂರು ಸಾಲು ಖಾಲಿ ಬಿಡುತ್ತಿದ್ದರು. ಇನ್ನೊಂದು ಕಡೆ ಏಳು ಸಾಲು. ಮತ್ತೊಂದು ಕಡೆ ಅರ್ಧ ಪುಟ. ಆಮೇಲೆ ಏನೋ ಸೇರಿಸಲು ಜಾಗ ಬಿಟ್ಟಿರಬೇಕು, ಪಾಪ, ಸೇರಿಸಲು ಆಗಲಿಲ್ಲ ಎಂದುಕೊಂಡೆ. ಪ್ರೆಸ್ಸಿನಲ್ಲಿ ಕೆಲಸ ಮಾಡುವವರಿಗೆ ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ. ಕಾಗದ ಉಳಿಸುವುದೇ ನಾವು ಕಲಿಯುವ ಮೊದಲ ಪಾಠ. ಆದರೂ ಟೈಪ್ ಮಾಡುವಾಗ ನೋಟ್‌ಬುಕ್ಕಿನಲ್ಲಿ ಇದ್ದಂತೆಯೇ ಎಂಟರ್ ಒತ್ತುತ್ತ ಹೋದೆ, ಕೊನೆಗೆ ನೋಡಿಕೊಂಡರಾಯಿತು ಎಂದು.

ಕೊನೆಗೆ ನೋಡಿಕೊಂಡೆ. ಎರಡು ಎಂಟರ್ ಇರುವ ಕಡೆಯೆಲ್ಲ ಒಂದು ಮಾಡು ಎಂದು ಕಂಪ್ಯೂಟರಿಗೆ ಹೇಳಿ, ಬಟನ್ ಒತ್ತಿದೆ. ಮತ್ತೆ ಒತ್ತಿದೆ. ಮೂರು ನಾಲ್ಕು ಸಲ ಒತ್ತುವಷ್ಟರಲ್ಲಿ ಪುಸ್ತಕ ಬಿಗಿದ ಮೂಟೆಯಂತಾಯಿತು. ನೂರಾ ಅರವತ್ತು ಪುಟದ ಹತ್ತಿರ ಹೋಗಬೇಕಾದದ್ದು ನೂರಾ ಹನ್ನೆರಡಕ್ಕೆ ಬಂತು. ಹದಿನಾರು ಪುಟದ ಫಾರಂ ಲೆಕ್ಕದಲ್ಲಿ ಸರಿಯಾಗಿ ಏಳು ಫಾರಂ, ಒಂದು ಪುಟವೂ ವೇಸ್ಟಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡು ಚಹಾ ತರಿಸಿದೆ.

ಕಾಕಾ ಪ್ರೂಫು, ನೋಟ್‌ಬುಕ್ಕು ಎರಡನ್ನೂ ಒಯ್ದು ಒಂದು ವಾರದಲ್ಲಿ ತಂದುಕೊಟ್ಟರು. ಪದಕ್ಕೆ ಪದ ತಾಳೆ ನೋಡಿದ್ದರು. ಕಂಪೌಂಡರಲ್ಲವೇ, ಚೀಟಿಯಲ್ಲಿ ಬರೆದ ಔಷಧಿ ನೋಡುತ್ತಾರೆ, ಚೀಟಿಯ ಖಾಲಿ ಜಾಗ ನೋಡುವುದಿಲ್ಲ. ಐದೋ ಆರೋ ಒತ್ತಕ್ಷರದ ತಪ್ಪು ಬಿಟ್ಟರೆ ಎಲ್ಲ ಸರಿ. "ಈ ಆಯ್ತವಾರ ಅಕ್ಕನ ಮುಂದ ಓದೂದೈತಿ. ನೀವೂ ಬರ್ರಿ ತಂಗಿ," ಎಂದರು.

ನಾಚಾರಂ ಕಡೆಯಿಂದ ಮೆಹದಿಪಟ್ಟಣಂಗೆ ಬಸ್ಸಿನಲ್ಲಿ ಹೋಗುವುದೆಂದರೆ ಒಂದು ಊರಿಗೆ ಹೋದಂತೆ. ಆ ಭಾನುವಾರಗಳು ಈಗ ನೆನಪಾದರೆ ಮೊದಲು ಬರುವುದು ಬಸ್ ಇಳಿದ ಕೂಡಲೇ ಮೂಗಿಗೆ ಹೊಡೆಯುವ ಕೊತ್ತಂಬರಿ, ಪುದೀನದ ವಾಸನೆ. ರೈತು ಬಜಾರಿನ ಗದ್ದಲ ದಾಟಿ, ಇರಾನಿ ಹೋಟೆಲಿನ ಪಕ್ಕದ ಓಣಿಯಲ್ಲಿ ಎರಡನೇ ಮಹಡಿ. ಒಳಗೆ ಹೋದರೆ ಅಷ್ಟು ಗದ್ದಲ ಎಲ್ಲಿ ಹೋಯಿತೋ ಎನ್ನುವಂಥ ಒಂದು ಕೋಣೆ. ಗೋಡೆಗೆ ಒಂದು ಕ್ಯಾಲೆಂಡರ್ ಬಿಟ್ಟರೆ ಏನೂ ಇಲ್ಲ. ನಡುವೆ ನಾಲ್ಕು ಕುರ್ಚಿ, ಕಿಟಕಿಯ ಪಕ್ಕ ಸಿಸ್ಟರಮ್ಮನ ಮಂಚ.

ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬಿಳಿ ಸೀರೆ, ಬಿಗಿದು ಕಟ್ಟಿದ ತುರುಬು. ಬಲಗೈ ತೊಡೆಯ ಮೇಲೆ ಇಟ್ಟ ವಸ್ತುವಿನಂತೆ ಬಿದ್ದಿತ್ತು. ಕಣ್ಣು ಮಾತ್ರ ಅಬ್ಬಾ, ವಾರ್ಡಿಗೆ ಹೊಸದಾಗಿ ಬಂದವಳ ಉಗುರು ಕತ್ತರಿಸಿದೆಯೋ ಇಲ್ಲವೋ ಎಂದು ನೋಡುವ ಕಣ್ಣು. ನಾನು ಕೈ ಹಿಂದಕ್ಕೆ ಸರಿಸಿಕೊಂಡೆ.

ಕಾಕಾನ ಹೊರತಾಗಿ ಇನ್ನೊಬ್ಬ ಹೆಣ್ಣುಮಗಳಿದ್ದಳು. ಮಾನ್ವಿ ಕಡೆಯವಳು, ಗಚ್ಚಿಬೌಲಿಯಲ್ಲಿ ಏಳುವ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ, ಕಾಂಕ್ರೀಟು ಹೊರುವವಳು. ಊರಲ್ಲಿದ್ದಾಗ ಅವಳ ಹೆರಿಗೆ ಮಾಡಿಸಿದ್ದು ಸಿಸ್ಟರಮ್ಮನೇ. ಓದು ಬರಹ ಬಾರದು. ಭಾನುವಾರ ತಪ್ಪದೆ ಬಂದು, ಮಂಚದ ಕೆಳಗೆ ನೆಲದ ಮೇಲೆ ಕಾಲು ಚಾಚಿ ಕೂರುತ್ತಿದ್ದಳು.

ಶುರುವಾಗುವ ಮೊದಲು ಕಾಕಾ ನನಗೆ ಪದ್ಧತಿ ಹೇಳಿದರು. ಗಂಟೆ ಇಲ್ಲ, ಆಮೆನ್ ಇಲ್ಲ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಆಡಬಹುದು. ಮುಗಿಯುವ ಹೊತ್ತಾಯಿತು ಎಂದು ಹಿರಿಯರಿಗೆ ಅನ್ನಿಸಿದಾಗ ಪಕ್ಕದವರ ಕೈ ಹಿಡಿದು ಕುಲುಕುತ್ತಾರೆ. ಅಲ್ಲಿಗೆ ಸಭೆ ಮುಗಿದಂತೆ. "ಮೊದಲೆಲ್ಲ ಅಕ್ಕ ಕೈ ಕೊಡ್ತಿದ್ದಳು. ಈಗ ನಾನ ಕೊಡ್ತೀನಿ," ಎಂದರು.

"ಎಡಗೈ ಐತಲ್ರಿ?"

ಕಾಕಾ ದನಿ ತಗ್ಗಿಸಿದರು. "ಆಕಿ ಒಂದು ಗುಳಿಗಿ ಸೈತ ಎಡಗೈಲೆ ಯಾರಿಗೂ ಕೊಟ್ಟಾಕಿ ಅಲ್ಲ ತಂಗಿ. ಎಡಗೈ ಕೊಡೂದಕ್ಕಿಂತ ಕೊಡದಿದ್ರ ಛಲೋ ಅನ್ನೂದು ಆಕಿ ಹಟ."

ಆವತ್ತು ಕಾಕಾ ಪ್ರೂಫ್ ಹಿಡಿದು ಓದಿದರು. ಮೊದಲ ಪತ್ರ ಸರಾಗವಾಗಿ ಹೋಯಿತು. ನಾನು ಸಿಸ್ಟರಮ್ಮನ ಮುಖ ನೋಡುತ್ತಿದ್ದೆ, ಹೊಗಳಿಕೆ ಎಲ್ಲಿಂದ ಮೂಡುತ್ತದೆ ಎಂದು. ಹುಬ್ಬು ಗಂಟಾಯಿತು. ಎರಡನೇ ಪತ್ರಕ್ಕೆ ಬಂದಾಗ ಎಡಗೈ ಎತ್ತಿ ಮಂಚದ ಕಬ್ಬಿಣದ ಸರಳಿಗೆ ಬಡಿದರು. ಕಾಕಾ ನಿಲ್ಲಿಸಿದರು, ಮತ್ತೆ ಓದಿದರು. ಮತ್ತೆ ಬಡಿತ. ಮೂರನೇ ಸಲ ಅವರು ಬಡಿಯಲಿಲ್ಲ. ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು, ಕಣ್ಣಿನಿಂದ ನೀರು ಇಳಿಯಿತು.

ಏನು ತಪ್ಪು ಎಂದು ಯಾರಿಗೆ ಗೊತ್ತು? ಕೇಳಿದರೆ ಹೇಳಲು ಬಾಯಿಲ್ಲ, ಬರೆಯಲು ಕೈಯಿಲ್ಲ. ಎಡಗೈಯಲ್ಲಿ ಪೆನ್ಸಿಲ್ ಕೊಟ್ಟು ನೋಡಿದರು ಕಾಕಾ. ಕಾಗದದ ಮೇಲೆ ಏನನ್ನೂ ಬರೆಯದೆ ಪೆನ್ಸಿಲ್ ಕೆಳಗಿಟ್ಟರು. ಆಮೇಲೆ ಆ ಬರೀ ಕಾಗದವನ್ನೇ ಎತ್ತಿ ನಮ್ಮ ಕಡೆ ಹಿಡಿದರು. ಏನೂ ಬರೆದಿಲ್ಲ ಎಂದುಕೊಂಡೆವು. ಅಷ್ಟು ಸ್ಪಷ್ಟವಾಗಿ ಹೇಳಿದ್ದರು ಆ ತಾಯಿ, ಅಷ್ಟು ಮಂದಿಯಲ್ಲಿ ಒಬ್ಬರಿಗೂ ತಿಳಿಯಲಿಲ್ಲ.

ನನಗೆ ಸಿಟ್ಟು ಬಂದಿತ್ತು. ಒಂದು ಅಕ್ಷರ ಮುಟ್ಟಿಲ್ಲ, ಇನ್ನೇನು ಬೇಕು ಇವರಿಗೆ? ಆದರೂ ಕಣ್ಣೀರು ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಮರುವಾರ ಅಕ್ಷರ ದೊಡ್ಡದು ಮಾಡಿ ಒಯ್ದೆ. ಓದುವಾಗ ಕಾಕಾ ತಡವರಿಸುತ್ತಾರೇನೋ ಎಂದು. ಮತ್ತೆ ಬಡಿತ. ಅದರ ಮರುವಾರ ಪತ್ರಗಳಿಗೆ ನಾನು ಇಟ್ಟಿದ್ದ ತಲೆಬರಹಗಳನ್ನು ತೆಗೆದೆ. ಅವು ಅವರ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಆ ವಾರ ಬಡಿಯಲೂ ಇಲ್ಲ, ಕಣ್ಣು ಮುಚ್ಚಿ ಮಲಗಿಬಿಟ್ಟರು. ಕಾಕಾ ನನ್ನನ್ನು ಬಸ್ ಸ್ಟಾಪಿನವರೆಗೆ ಬಿಡಲು ಬಂದವರು, "ಬಿಟ್ಟುಬಿಡೂಣು ತಂಗಿ. ಆಕಿ ಮನಸ್ಸು ಒಪ್ಪವಲ್ದು," ಎಂದರು. ಅವರ ಮುಖ ನೋಡಲಾಗಲಿಲ್ಲ. ನಮ್ಮ ಮಾಲಕರು ಮಾತ್ರ ಅಷ್ಟರಲ್ಲಿ, ಒಪ್ಪಿಗೆ ಬಂದೇ ಬರುತ್ತದೆ ಎಂಬ ನನ್ನ ಭರವಸೆ ನಂಬಿ, ಮೊದಲ ಎರಡು ಫಾರಂಗೆ ಅಚ್ಚು ಹಾಕುವ ಪ್ಲೇಟು ಮಾಡಿಸಿಟ್ಟಿದ್ದರು.

ನಾಲ್ಕನೇ ಭಾನುವಾರ ನಾನು ಹೋದದ್ದು ನೋಟ್‌ಬುಕ್ಕುಗಳನ್ನು ವಾಪಸು ಕೊಟ್ಟು ಬರಲು. ಕಾಕಾ ಚಹಾ ಮಾಡಲು ಒಳಗೆ ಹೋದರು. ಮಾನ್ವಿಯ ಹೆಣ್ಣುಮಗಳು ಸಿಸ್ಟರಮ್ಮನ ಪಾದ ತಿಕ್ಕುತ್ತ ಕೂತಿದ್ದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ, "ಏನವಾ, ನೀನರ ಹೇಳು, ಏನ್ ತಪ್ಪೈತಿ ಇದರಾಗ?" ಎಂದೆ.

ಅವಳು ತಲೆ ಎತ್ತಲಿಲ್ಲ. "ನಾ ಓದಿದಾಕಿ ಅಲ್ರಿ ಅಕ್ಕಾರ. ನಂಗೇನ್ ತಿಳೀತೈತಿ."

"ಇರಲಿ, ಹೇಳು."

"ಮೊದಲ ಅಮ್ಮಾರು ತಾವ ಓದೂವಾಗ ನಡುನಡುವ ಸುಮ್ಮ ಆಗ್ತಿದ್ದರ್ರಿ. ಓದೂದು, ಸುಮ್ಮ ಆಗೂದು. ಆವಾಗ ನಾವೂ ಸುಮ್ಮ. ಕೇಳಿದ ಮಾತು ಒಳಗ ಇಳೀತಿತ್ತು. ಈಗ ಕಾಕಾರು ಓದೂದು ಎಕ್ಸ್‌ಪ್ರೆಸ್ ಗಾಡಿ ಹೊಂಟಂಗ ಆಗೇತಿ. ನಮ್ಮ ಸ್ಟೇಶನ್ನಾಗ ನಿಂದ್ರವಲ್ದು."

ಚೀಲದಿಂದ ಒಂದು ನೋಟ್‌ಬುಕ್ ಎಳೆದು ತೆರೆದೆ. ನಾಲ್ಕು ಸಾಲು ಬರಹ, ಮೂರು ಸಾಲು ಖಾಲಿ. ಎಂಟು ಸಾಲು ಬರಹ, ಏಳು ಸಾಲು ಖಾಲಿ. ಸೇರಿಸಲು ಬಿಟ್ಟ ಜಾಗವಲ್ಲ ಅದು. ಕೂರಲು ಬಿಟ್ಟ ಜಾಗ. ಸುಮ್ಮನೆ ಕೂರುವುದನ್ನೇ ಧರ್ಮ ಮಾಡಿಕೊಂಡ ಹೆಂಗಸು ಆ ಸುಮ್ಮನಿರುವುದನ್ನೂ ಸಾಲು ಸಾಲಾಗಿ ಬರೆದಿದ್ದಳು. ನಾನು ಬಟನ್ ಒತ್ತಿ ಅಷ್ಟನ್ನೂ ಅಳಿಸಿದ್ದೆ.

ಹೇಳದೇ ಇರಬಹುದಿತ್ತು. ನಿಜ ಹೇಳುತ್ತೇನೆ, ಆ ಯೋಚನೆ ಬಂತು. ಪ್ರೆಸ್ಸಿಗೆ ಹೋಗಿ ಸದ್ದಿಲ್ಲದೆ ಸರಿ ಮಾಡಿ ತಂದು, ನೋಡಿ ಎಷ್ಟು ಚಂದ ಹುಡುಕಿದೆ ಎಂದು ಬೀಗಬಹುದಿತ್ತು. ಕಾಕಾ ನಂಬುತ್ತಿದ್ದರು. ಆದರೆ ಸಿಸ್ಟರಮ್ಮ ನನ್ನನ್ನೇ ನೋಡುತ್ತಿದ್ದರು, ಆ ಉಗುರು ನೋಡುವ ಕಣ್ಣಿನಿಂದ. ಆ ಕಣ್ಣಿನ ಮುಂದೆ ಕೈ ಎಷ್ಟು ಸಲ ಮುಚ್ಚಿಕೊಳ್ಳುವುದು.

ಮಂಚದ ಹತ್ತಿರ ಹೋಗಿ ನೋಟ್‌ಬುಕ್ ತೆರೆದು, ಖಾಲಿ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ನಾನ ತೆಗೆದೆ, ಅಮ್ಮಾರ. ಕಾಗದ ಉಳಿಸಾಕ ತೆಗೆದೆ. ನಿಮ್ಮ ತಮ್ಮಂದೇನೂ ತಪ್ಪಿಲ್ಲ," ಎಂದೆ.

ಸಿಸ್ಟರಮ್ಮನ ಗಂಟಲಿನಿಂದ ಒಂದು ಸದ್ದು ಬಂತು. ಗಾಬರಿಯಾಗಿ ಕಾಕಾ ಚಹಾದ ಪಾತ್ರೆ ಬಿಟ್ಟು ಓಡಿಬಂದರು. ಪಾದ ತಿಕ್ಕುತ್ತಿದ್ದವಳು, "ಅಮ್ಮಾರು ನಗಾಕತ್ತಾರ!" ಎಂದಳು. ಹೌದು, ಬಾಯಿ ಒಂದು ಕಡೆಗೆ ವಾಲಿದ್ದ ಆ ಮುಖ ನಗುತ್ತಿತ್ತು. ತಿಂಗಳುಗಟ್ಟಲೆ ಆದ ಮೇಲೆ ನಕ್ಕದ್ದಂತೆ. ಕಾಕಾ ಕುರ್ಚಿಗೆ ಕುಸಿದು ಅತ್ತುಬಿಟ್ಟರು.

ಮರುದಿನ ಮಾಲಕರ ಹತ್ತಿರ ಹೋಗಿ, ಆ ಪ್ಲೇಟು ಬಿಸಾಡಿ, ಪುಟಗಳನ್ನು ಮೊದಲಿನಿಂದ ಕಟ್ಟುತ್ತೇನೆ ಎಂದೆ. "ಕೈಕು ಮೇಡಂ? ಸ್ಪೆಲ್ಲಿಂಗ್ ಮಿಸ್ಟೇಕಾ?" ಎಂದು ಕಾರಣ ಕೇಳಿದರು. ಸ್ಪೆಲ್ಲಿಂಗ್ ಅಲ್ಲ, ಖಾಲಿ ಜಾಗ ಬಿಟ್ಟುಹೋಗಿದೆ ಎಂದೆ. ಅವರು ನನ್ನ ಮುಖವನ್ನು ಜ್ವರ ಬಂದವರ ಮುಖ ನೋಡುವಂತೆ ನೋಡಿದರು. ಆಮೇಲೆ ನಾನು ಮಾಡಿದ ಜಗಳ ಶೆಡ್ಡಿನವರಿಗೆ ಇನ್ನೂ ನೆನಪಿದೆ. ಕೊನೆಗೆ ಅವರೇ ಸೋತು, "ಸರೇ ತಲ್ಲಿ, ನೀ ಇಷ್ಟಂ," ಎಂದು ಕೈ ಮುಗಿದರು.

ಕಟ್ಟುವುದು ಸುಲಭ ಎಂದುಕೊಂಡಿದ್ದೆ. ಅಲ್ಲ. ನೋಟ್‌ಬುಕ್ಕುಗಳ ಜೆರಾಕ್ಸ್ ತೆಗೆಸಿ, ಪ್ರತಿ ಖಾಲಿ ಜಾಗದ ಪಕ್ಕ ಎಷ್ಟು ಗೆರೆ ಎಂದು ಪೆನ್ಸಿಲಿನಲ್ಲಿ ಬರೆದೆ. ನಡುವೆ ಬಂದವು ಸರಿ. ಆದರೆ ಪುಟದ ಕೊನೆಯಲ್ಲಿ ಬಂದ ಖಾಲಿ ಯಾವುದು? ಅಲ್ಲಿ ಸುಮ್ಮನಿರಬೇಕೋ, ಇಲ್ಲ ಪುಟ ಮುಗಿಯಿತೆಂದು ಮುಂದಿನದಕ್ಕೆ ಹೋದರೋ? ಮತ್ತೆ, ಮೂರು ಗೆರೆ ಎಂದರೆ ಎಷ್ಟು ಹೊತ್ತು? ಅದು ಗೊತ್ತಿಲ್ಲದೆ ಪುಸ್ತಕದಲ್ಲಿ ಎಷ್ಟು ಜಾಗ ಬಿಡಲಿ? ಸಿಸ್ಟರಮ್ಮನನ್ನೇ ಕೇಳಬೇಕಿತ್ತು.

ಹಾಗೆ ಮುಂದಿನ ಭಾನುವಾರಗಳು ಶುರುವಾದವು. ಓದುವ ಕೆಲಸ ನನಗೆ ಬಂತು, ಏಕೆಂದರೆ ಗುರುತು ಹಾಕುವವಳೂ ನಾನೇ. ಖಾಲಿ ಬಂದಲ್ಲಿ ನಿಲ್ಲಿಸಿ ಅವರ ಎಡಗೈ ನೋಡುತ್ತಿದ್ದೆ. ಅದು ಚಾದರದ ಮೇಲೆ ಅಂಗೈ ಕೆಳಗಾಗಿ ಬಿದ್ದಿರುತ್ತಿತ್ತು. ಬೆರಳು ಎತ್ತಿದರೆ ಮುಂದೆ ಓದು ಎಂದರ್ಥ. ಕೂಡಲೇ ಎತ್ತಿದರೆ ಇಲ್ಲಿ ಖಾಲಿ ಇಲ್ಲ, ಬರೀ ಪುಟ ಮುಗಿದದ್ದು.

ಮೊದಲೆರಡು ವಾರ ನನಗೆ ನರಕ. ಸುಮ್ಮನೆ ಕೂತರೆ ಮೈಯೆಲ್ಲ ಇರುವೆ ಹರಿದಂತೆ. ಗ್ಯಾಸ್ ಆರಿಸಿದೆನೋ ಇಲ್ಲವೋ, ಮದುವೆ ಕಾರ್ಡಿನವರು ಫೋನ್ ಮಾಡಿದರೋ ಇಲ್ಲವೋ. ತಡೆಯಲಾಗದೆ ಸಿಸ್ಟರಮ್ಮನ ಉಸಿರು ಎಣಿಸತೊಡಗಿದೆ. ಮೂರು ಗೆರೆಯ ಖಾಲಿ ಬಂದಾಗ ಮೂರು ಉಸಿರಿಗೆ ಬೆರಳು ಎದ್ದಿತು. ಏಳು ಗೆರೆಗೆ ಏಳು. ಕಾಕತಾಳೀಯ ಇರಬೇಕು ಎಂದು ಇನ್ನೊಂದು ಕಡೆ ನೋಡಿದೆ. ಅಲ್ಲಿಯೂ ಅಷ್ಟೇ. ಕಾಕಾಗೆ ಹೇಳಿದರೆ ತಲೆಯಾಡಿಸಿದರು. "ವಾಚ್ ಹಿಡಿದು ಪೇಷಂಟ್ ಉಸಿರು ಎಣಿಸೂದೇ ಆಕಿ ಕೆಲಸ ಇತ್ತಲ್ಲ ತಂಗಿ, ನಲವತ್ತು ವರ್ಷ," ಎಂದರು.

ಒಂದು ಗೆರೆಗೆ ಒಂದು ಉಸಿರು. ಅಳತೆ ಸಿಕ್ಕಿತು. ಪುಸ್ತಕದಲ್ಲಿಯೂ ಹಾಗೇ ಕಟ್ಟಿದೆ, ಒಂದು ಉಸಿರಿಗೆ ಒಂದು ಸಾಲು. ಎಷ್ಟೋ ವಾರ ಹಿಡಿಯಿತು. ಅಷ್ಟರಲ್ಲಿ ನನಗೇ ತಿಳಿಯದೆ ಏನೋ ಆಗಿತ್ತು. ಶನಿವಾರ ಬಂದರೆ ನಾಳೆ ಮೆಹದಿಪಟ್ಟಣಂ ಎಂದು ಮನಸ್ಸು ಹಗುರಾಗುತ್ತಿತ್ತು. ಕೆಳಗಿನ ಓಣಿಯಲ್ಲಿ ತಳ್ಳುಗಾಡಿಯವನು ಕೂಗುವುದು, ಮೇಲೆ ಫ್ಯಾನಿನ ಕಿರ್ ಕಿರ್, ಸಿಸ್ಟರಮ್ಮನ ಉಸಿರು. ಮಾನ್ವಿಯವಳು ಕೆಲವೊಮ್ಮೆ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದಳು. ವಾರವಿಡೀ ಹೊತ್ತ ಮೈ. ಅವಳನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಮುಗಿದ ಮೇಲೆ ಕಾಕಾ ಚಹಾ, ಉಸ್ಮಾನಿಯಾ ಬಿಸ್ಕತ್ತು ಕೊಡುತ್ತಿದ್ದರು. ಅಂಥ ಚಹಾ ಆಮೇಲೆ ಎಲ್ಲೂ ಕುಡಿಯಲಿಲ್ಲ.

ಕೊನೆಯ ನೋಟ್‌ಬುಕ್ಕಿನ ಕೊನೆಯ ಪತ್ರಕ್ಕೆ ಬಂದೆವು. ಅದರ ಮುಂದೆ ಮೂರು ಪುಟ ಪೂರ್ತಿ ಖಾಲಿ, ಆಮೇಲೆ ರಟ್ಟು. ಇದೇನು? ಬರೆಯುವುದು ಮುಗಿದು ಉಳಿದ ಹಾಳೆಯೋ, ಬಿಟ್ಟ ಜಾಗವೋ? ಮಾಲಕರು ಮೊದಲೇ ಹೇಳಿಟ್ಟಿದ್ದರು, ಕೊನೆಗೆ ಪುಟ ಮಿಕ್ಕರೆ ಪ್ರೆಸ್ಸಿನ ಜಾಹೀರಾತು ಹಾಕೋಣ ಎಂದು. ನಾನೂ ಉಳಿದ ಹಾಳೆಯೇ ಇರಬೇಕು ಎಂದುಕೊಂಡೇ ಓದಿದೆ. ದೂರದ ಊರಿಗೆ ಹೋಗುವವನು ತನ್ನವರಿಗೆ ಬರೆದ ಪತ್ರ ಅದು. ಮತ್ತೆ ನೋಡುತ್ತೇವೋ ಇಲ್ಲವೋ, ನೀವು ನೀವು ಕೂಡಿ ಕೂರುವುದನ್ನು ಬಿಡಬೇಡಿ ಎನ್ನುವ ಅರ್ಥದ್ದು. ಓದಿ ಮುಗಿಸಿ ಕೈ ನೋಡಿದೆ.

ಬೆರಳು ಏಳಲಿಲ್ಲ.

ಹತ್ತು ಉಸಿರು. ಇಪ್ಪತ್ತು. ನಲವತ್ತರವರೆಗೆ ಎಣಿಸಿದ್ದು ನೆನಪಿದೆ. ಆಮೇಲೆ ಎಣಿಕೆ ತಪ್ಪಿತು, ತಪ್ಪಿದ್ದು ಗೊತ್ತಾದರೂ ಮತ್ತೆ ಎಣಿಸಬೇಕು ಅನ್ನಿಸಲಿಲ್ಲ. ಗ್ಯಾಸು, ಮದುವೆ ಕಾರ್ಡು, ಮಾಲಕರು, ಯಾರೂ ನೆನಪಾಗಲಿಲ್ಲ. ತೀರಿಹೋದ ನಮ್ಮವ್ವ ನೆನಪಾದಳು, ಅವಳ ಕೊನೆಯ ದಿನಗಳಲ್ಲಿ ಪಕ್ಕದಲ್ಲಿ ಕೂತು ನಾನು ಎಷ್ಟೊಂದು ಮಾತಾಡಿದೆ, ಒಂದು ಗಳಿಗೆ ಸುಮ್ಮನೆ ಕೂರಬೇಕಾಗಿತ್ತು ಎಂದು. ಅಳು ಬಂತು. ಅತ್ತೆ. ಯಾರೂ ಸಮಾಧಾನ ಹೇಳಲಿಲ್ಲ, ಅದೇ ಸಮಾಧಾನವಾಗಿತ್ತು.

ಎಷ್ಟು ಹೊತ್ತಾಯಿತೋ, ಕಿಟಕಿಯ ಬಿಸಿಲು ಮಂಚದಿಂದ ಇಳಿದು ನೆಲಕ್ಕೆ ಬಂದಿತ್ತು. ಚಾದರ ಸರಿದ ಸದ್ದಾಯಿತು. ಸಿಸ್ಟರಮ್ಮನ ಕೈ ಎದ್ದಿತ್ತು. ಬೆರಳಲ್ಲ, ಇಡೀ ಕೈ. ನನ್ನ ಕಡೆಗೆ ಚಾಚಿತ್ತು. ಎಡಗೈ.

ನಾನು ಕಾಕಾನ ಮುಖ ನೋಡಿದೆ. ಕಾಕಾ ತುಟಿ ಕಚ್ಚಿಕೊಂಡು ತಲೆಯಾಡಿಸಿದರು. ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಬಲಗೈ ಕೊಡಲು ಹೋದವಳು ಹಿಂದಕ್ಕೆಳೆದುಕೊಂಡು, ನನ್ನದೂ ಎಡಗೈಯನ್ನೇ ಕೊಟ್ಟೆ. ಹಿಡಿದು ಒಂದು ಸಲ ಕುಲುಕಿದರು, ಗಟ್ಟಿಯಾಗಿ. ಸಭೆ ಮುಗಿಯಿತು.

ಪುಸ್ತಕ ನೂರಾ ಎಪ್ಪತ್ತಾರು ಪುಟ ಆಯಿತು. ಕೊನೆಯ ಮೂರು ಪುಟ ಖಾಲಿ. ಜಾಹೀರಾತು ಇಲ್ಲ, ಪುಟದ ಸಂಖ್ಯೆಯೂ ಇಲ್ಲ. ಹೊದಿಕೆಯ ಮೇಲೆ ಸಿಸ್ಟರಮ್ಮನ ಹೆಸರು ಹಾಕಲು ಕಾಕಾ ಬಿಡಲಿಲ್ಲ, ಅವರಲ್ಲಿ ಹಾಗೆ ಮೆರೆಸುವ ಪದ್ಧತಿ ಇಲ್ಲವಂತೆ. ಮೊದಲ ಪ್ರತಿ ಒಯ್ದು ಕೊಟ್ಟಾಗ ಸಿಸ್ಟರಮ್ಮ ಅಕ್ಷರದ ಪುಟಗಳನ್ನು ನೋಡಲೇ ಇಲ್ಲ. ಎಡಗೈಯಿಂದ ಹಿಂದಿನಿಂದ ತೆರೆದು, ಖಾಲಿ ಪುಟದ ಮೇಲೆ ಅಂಗೈ ಇಟ್ಟು ಸವರಿದರು. ಆ ಚಳಿಗಾಲ ದಾಟಲಿಲ್ಲ ಅವರು. ಎರಡು ವರ್ಷಕ್ಕೆ ಕಾಕಾನೂ ಹೋದರು. ಮಾನ್ವಿಯವಳು ಊರಿಗೆ ಮರಳುವಾಗ ಒಂದು ಪ್ರತಿ ಕೇಳಿ ಒಯ್ದಳು. ಮಗಳ ಕೈಲಿ ಓದಿಸುತ್ತೇನೆ, ಖಾಲಿ ಜಾಗ ನಾನೇ ನೋಡಿಕೊಳ್ಳುತ್ತೇನೆ ಎಂದಳು.

ಹೊದಿಕೆಯ ಒಳಗೆ ಪ್ರೆಸ್ಸಿನ ಫೋನ್ ನಂಬರ್ ಇದೆ. ಹೋದ ತಿಂಗಳು ಲಿಂಗಸುಗೂರಿನಿಂದ ಯಾರೋ ಒಬ್ಬರು ಮಾಡಿದ್ದರು. ಎಲ್ಲಿಯೋ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತಂತೆ.

"ಮೇಡಂನೋರ, ನನ್ನ ಪ್ರತಿಯೊಳಗ ಪ್ರಿಂಟ್ ಸರಿ ಬಿದ್ದಿಲ್ರಿ. ಅಲ್ಲಲ್ಲಿ ಸಾಲು ಹೋಗ್ಯಾವ. ಕಡೀಗೆ ಮೂರು ಪುಟ ಪೂರಾ ಖಾಲಿ. ಬ್ಯಾರೆ ಕಳಸ್ತೀರೇನ್ರಿ?"

ಎಂದಿನಂತೆ ಝಾಡಿಸಬೇಕೆಂದು ಬಾಯಿ ತೆರೆದೆ. ಮೊದಲಿನಿಂದ ಎಲ್ಲ ಹೇಳಬೇಕು ಅನ್ನಿಸಿತು, ಕಾಕಾ, ನೋಟ್‌ಬುಕ್ಕು, ಬಟನ್ನು, ಎಡಗೈ. ಆದರೆ ಫೋನ್ ಕಿವಿಗೆ ಹಿಡಿದು ಹಾಗೇ ಕೂತೆ. ಆ ಕಡೆ ಅವರು ಉಸಿರಾಡುವುದು ಕೇಳುತ್ತಿತ್ತು. ಅವರೂ ಯಾಕೋ ಏನೂ ಅನ್ನಲಿಲ್ಲ. ನನಗೇ ತಿಳಿಯದೆ ಎಣಿಸಿದ್ದೆ, ಏಳು ಆಗಿತ್ತು.

"ಹಲೋ," ಎಂದರು ಕೊನೆಗೆ, ಮೆತ್ತಗೆ. "ಅದೀರೇನ್ರಿ?"

"ಅದೀನ್ರಿ," ಎಂದೆ. "ಇಲ್ಲೇ ಅದೀನಿ."